ಮಹ್ಜೂಬಾಳ ನಾಲ್ಕು ಮೇಜು

ಜನವರಿ ೧೭, ಶುಕ್ರವಾರ

ಈ ನೋಟುಪುಸ್ತಕವನ್ನು ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದಳು. ಒಳ್ಳೆಯ ದಪ್ಪ ಕಾಗದ. ಇಂದಿನಿಂದ ಇದರಲ್ಲಿ ಒಂದು ತನಿಖೆಯ ವರದಿ ಬರೆಯುತ್ತೇನೆ. ತನಿಖಾಧಿಕಾರಿ: ನಾನು, ಯಾಮ್ನಾ, ವಯಸ್ಸು ಐವತ್ತೆಂಟು, ಆಸ್ಫಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೇಳು ವರ್ಷ ಊರಿನ ಗುಟ್ಟುಗಳನ್ನೆಲ್ಲ ಕಿವಿಗೆ ಸಿಕ್ಕಿಸಿಕೊಂಡು ಕುಳಿತಿದ್ದವಳು. ಆರೋಪಿ: ನನ್ನ ಗಂಡ ಬೂಶ್ತಾ, ಕುಂಬಾರ. ಆರೋಪ: ಕುಸ್ಕುಸ್ ತಿನ್ನಲಿಲ್ಲ.

ಮೊರೊಕ್ಕೊದಲ್ಲಿ ಶುಕ್ರವಾರದ ನಮಾಜು ಮುಗಿಸಿ ಬಂದು, ಹಬೆಯಲ್ಲಿ ಬೆಂದ ರವೆಯ ಕುಸ್ಕುಸ್ ಮುಂದೆ ಕುಳಿತು, ಅರ್ಧಕ್ಕೇ ಏಳುವ ಗಂಡಸು ಒಂದೋ ಕಾಯಿಲೆಯವನು, ಇಲ್ಲ ಅಪರಾಧಿ. ಬೂಶ್ತಾಗೆ ಕಾಯಿಲೆ ಇಲ್ಲ. ಬೆಳಿಗ್ಗೆ ಮಣ್ಣಿನ ಚೀಲ ಎರಡನ್ನು ಒಟ್ಟಿಗೆ ಹೊತ್ತರು.

ನಮ್ಮದು ಒಂದೇ ದೊಡ್ಡ ತಟ್ಟೆ. ಅವರ ಕಡೆಯದು ಅವರಿಗೆ, ನನ್ನ ಕಡೆಯದು ನನಗೆ, ನಡುವೆ ಮಾಂಸ. ಮಾಂಸವನ್ನು ಕೊನೆಯಲ್ಲಿ ಯಜಮಾನರು ಹಂಚಬೇಕು. ಇಂದು ಅವರು ತಮ್ಮ ಕಡೆಯಿಂದ ನಾಲ್ಕು ಚಮಚ ತಿಂದರು. ಆಮೇಲೆ ಮಾಂಸವನ್ನೆಲ್ಲ, ಮೂಳೆಯ ಸಮೇತ, ನನ್ನ ಕಡೆಗೆ ತಳ್ಳಿದರು.

"ತಿನ್ನು ಯಾಮ್ನಾ. ಸೊರಗಿ ಹೋಗಿದ್ದೀಯ."

ನನ್ನ ತೂಕ ಎಂಬತ್ತನಾಲ್ಕು ಕಿಲೋ. ಅಂಥವಳನ್ನು ಸೊರಗಿದ್ದೀಯ ಎನ್ನುವ ಗಂಡಸು ಏನನ್ನೋ ಮುಚ್ಚಿಡುತ್ತಿದ್ದಾನೆ. ಮೂವತ್ತೆರಡು ವರ್ಷದಲ್ಲಿ ಇಷ್ಟು ಪ್ರೀತಿ ಕಂಡಿರಲಿಲ್ಲ. ಕಂಡದ್ದೇ ತಡ, ಅನುಮಾನ ಬಂತು. ಆಮೇಲೆ ಐದು ಲೋಟ ನೀರು ಕುಡಿದು, ಆವಿಗೆಗೆ ಬೆಂಕಿ ಹಾಕಬೇಕು ಎಂದು ಹೊರಟೇಬಿಟ್ಟರು.

ಮಸೀದಿಗೆ ಕಳಿಸಿದ ಕುಸ್ಕುಸ್ ಬೋಗುಣಿಯೂ ಅರ್ಧ ತುಂಬಿಯೇ ವಾಪಸು ಬಂತು. ಮೊದಲೆಲ್ಲ ತೊಳೆದಷ್ಟು ಸ್ವಚ್ಛವಾಗಿ ಬರುತ್ತಿತ್ತು. ಜನರಲ್ಲಿ ಭಕ್ತಿ ಕಡಿಮೆಯಾಗುತ್ತಿದೆ.

ಜನವರಿ ೨೧, ಮಂಗಳವಾರ

ಪಕ್ಕದ ಮನೆಯ ಖದ್ದೂಜ ಬಂದಿದ್ದಳು. ಬಾಗಿಲಲ್ಲೇ ನಿಂತು ಶುರುಮಾಡಿದಳು.

"ಯಾಮ್ನಾ, ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡ."

"ಇಲ್ಲ. ಹೇಳು."

"ಹೇಳ್ಬಾರ್ದು ಅಂತಾನೇ ಬಂದೆ."

"ಹಂಗಾದ್ರೆ ಹೇಳ್ಬೇಡ."

"ನಿನ್ನ ಗಂಡ ದಿನಾ ಮಧ್ಯಾಹ್ನ ಮಹ್ಜೂಬಾನ ಅಂಗಡೀಲಿ ಊಟ ಮಾಡ್ತಾರೆ. ದಿನಾ! ದೇವರಾಣೆ, ನನ್ನ ಕಣ್ಣಾರೆ ಕಂಡೆ. ಬ್ರೆಡ್ ತಗೊಂಡು ಪಾತ್ರೆ ಒರೆಸ್ತಿದ್ರು, ಬಣ್ಣ ಹೋಗೋ ಹಂಗೆ!"

ಮಹ್ಜೂಬಾ. ಎರಡು ವರ್ಷದ ಹಿಂದೆ ಸ್ವೀರಾದಿಂದ ಬಂದ ವಿಧವೆ. ಕುಂಬಾರರ ಗುಡ್ಡಕ್ಕೆ ಹತ್ತುವ ತಿರುವಿನಲ್ಲಿ ಅವಳ ಊಟದ ಅಂಗಡಿ. ಬೋರ್ಡಿಲ್ಲ, ನಾಲ್ಕೇ ಮೇಜು.

ಅಂದರೆ, ಒಂದು ಗಂಟೆಗೆ ನನ್ನ ಮನೆಯಲ್ಲಿ ನಾಲ್ಕು ಚಮಚ, ಎರಡು ಗಂಟೆಗೆ ಅವಳಲ್ಲಿ ಪಾತ್ರೆ ಒರೆಸುವ ಊಟ.

ಖದ್ದೂಜಳನ್ನು ಊಟಕ್ಕೆ ಕರೆದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬೇಡ ಎನ್ನದವಳು ಇಂದು "ಅಯ್ಯೋ, ಹೊಟ್ಟೆ ತುಂಬಿದೆ ಕಣೇ" ಎಂದು ಓಡಿದಳು. ನನ್ನ ಗತಿ ನೋಡಿ ಅವಳಿಗೂ ತುತ್ತು ಇಳಿಯದು ಅನ್ನಿಸುತ್ತದೆ.

ಸಂಜೆ ಕಿರಾಣಿ ಅಂಗಡಿಯವನೊಡನೆ ಜಗಳವಾಡಿದೆ. ಈ ಸಲದ ಜೀರಿಗೆ ಬರೀ ಮರದ ಪುಡಿ. ಡಿಸೆಂಬರಿನಲ್ಲಿ ಮೂರು ವಾರ ನನ್ನನ್ನು ಹಾಸಿಗೆಗೆ ಕೆಡವಿದ ನೆಗಡಿ ಹೋದಮೇಲೆ ನೋಡುತ್ತಿದ್ದೇನೆ, ಊರಿಗೆ ಬರುವ ಮಸಾಲೆಯೆಲ್ಲ ಕಲಬೆರಕೆ. ಉಪ್ಪು ಕೂಡ. ಮೊದಲು ಒಂದು ಹಿಡಿ ಸಾಕಾಗುತ್ತಿದ್ದಲ್ಲಿ ಈಗ ಎರಡೂವರೆ ಬೇಕು. ಉಪ್ಪಿಗೆ ಏನು ಬೆರೆಸುತ್ತಾರೋ!

ಜನವರಿ ೨೨, ಬುಧವಾರ

ಬೂಶ್ತಾ ಹಮ್ಮಾಮಿಗೆ ಸ್ನಾನಕ್ಕೆ ಹೋದಾಗ ಅವರ ನಿಲುವಂಗಿ ಜೆಲ್ಲಾಬಾದ ತೋಳು, ಕತ್ತು, ತಲೆಗವಸು ಎಲ್ಲ ಮೂಸಿ ನೋಡಿದೆ. ಮೀನಿನ ವಾಸನೆ ಇಲ್ಲ. ಹೆಂಗಸಿನ ವಾಸನೆ ಇಲ್ಲ. ಏನೂ ಇಲ್ಲ. ಆವಿಗೆಯ ಹೊಗೆಯ ವಾಸನೆಯೂ ಇಲ್ಲ.

ಇದೇ ಸಾಕ್ಷಿ. ನಿರಪರಾಧಿಯ ಬಟ್ಟೆಗೆ ಏನಾದರೊಂದು ವಾಸನೆ ಇರುತ್ತದೆ.

ಜನವರಿ ೨೮, ಮಂಗಳವಾರ

ಸ್ಥಳ ಪರಿಶೀಲನೆ. ಮಹ್ಜೂಬಾಳ ಅಂಗಡಿಗೆ ಅಂಟಿಕೊಂಡೇ ಒಂದು ದಾರ ಗುಂಡಿಯ ಅಂಗಡಿ ಇದೆ. ಎರಡಕ್ಕೂ ನಡುವೆ ಹಲಗೆಯ ಗೋಡೆ. ಹಲಗೆಯಲ್ಲಿ ಬಿರುಕು. ನಾನು ನಲವತ್ತು ನಿಮಿಷ ಗುಂಡಿ ಆರಿಸಿದೆ.

ಹೆಂಗಸು ಚೆಲುವೆಯಲ್ಲ. ಇದು ಇನ್ನೂ ಅವಮಾನ. ಚೆಲುವೆಯಾಗಿದ್ದರೆ ಗಂಡಸರ ಕಣ್ಣು ಎಂದು ಕ್ಷಮಿಸಬಹುದಿತ್ತು. ಗಿಡ್ಡ, ದುಂಡಗೆ, ನನ್ನದೇ ವಯಸ್ಸು. ನಕ್ಕರೆ ಲೋಟ ಅಲುಗುತ್ತವೆ.

ಬೂಶ್ತಾ ಕಿಟಕಿಯ ಪಕ್ಕದ ಮೇಜಿನಲ್ಲಿ. ಮುಂದೆ ಮಣ್ಣಿನ ತಾಜೀನ್ ಪಾತ್ರೆಯಲ್ಲಿ ಬೂತಾಯಿ ಮೀನಿನ ಉಂಡೆ. ಅವಳು ಗೋಪುರದಂಥ ಮುಚ್ಚಳ ಎತ್ತಿದಾಗ ನನ್ನ ಗಂಡ ಕಣ್ಣು ಮುಚ್ಚಿಕೊಂಡರು. ನಮ್ಮ ಮದುವೆಯ ದಿನ ನನ್ನ ಮುಸುಕು ಎತ್ತಿದಾಗ ಹೀಗೆ ಮಾಡಿದ್ದರು.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ಆ ತಾಜೀನು! ಅಂಚಿನಲ್ಲಿ ನೀಲಿ ಹೂವಿನ ಸಾಲು, ಪ್ರತಿ ಹೂವಿಗೂ ಏಳು ಎಸಳು. ಆಸ್ಫಿಯಲ್ಲಿ ಏಳೆಸಳು ಬರೆಯುವ ಕುಂಬಾರ ಒಬ್ಬನೇ. ಗೂಡಿನಲ್ಲಿ ಅಂಥವೇ ಜೋಡಿಸಿಟ್ಟಿದ್ದಳು, ಎಣಿಸಿದೆ: ಹನ್ನೆರಡು. ಹೊಚ್ಚ ಹೊಸವು. ನನಗೆ ಅವರು ಕೊನೆಯ ತಾಜೀನು ಮಾಡಿಕೊಟ್ಟದ್ದು ಮಗಳು ಎರಡನೇ ತರಗತಿಯಲ್ಲಿದ್ದಾಗ. ಅದರ ಮುಚ್ಚಳಕ್ಕೆ ತಂತಿ ಬಿಗಿದು ಬಳಸುತ್ತಿದ್ದೇನೆ.

ಅಂಗಡಿಯವನು ಮರ್ಯಾದೆಯಿಂದಲೇ "ಲಲ್ಲಾ, ಗುಂಡಿ ತಗೋತೀರೋ, ಗೋಡೆ ತಗೋತೀರೋ?" ಎಂದ. ನಾಲ್ಕು ಗುಂಡಿ ತೆಗೆದುಕೊಂಡೆ. ನಾಲ್ಕಕ್ಕೂ ಬೇರೆ ಬೇರೆ ಬಣ್ಣ.

ಜನವರಿ ೩೧, ಶುಕ್ರವಾರ

ಪ್ರತಿದಾಳಿ. ಬೆಳಿಗ್ಗೆ ಏಳಕ್ಕೇ ರವೆ ಉಜ್ಜಲು ಕುಳಿತೆ. ಮೂರು ಸಲ ಹಬೆಗಿಟ್ಟೆ. ಏಳು ತರಕಾರಿ, ಕುರಿಯ ತೊಡೆ, ಮೇಲೆ ಉಪ್ಪಿನಲ್ಲಿ ಹಾಕಿಟ್ಟ ನಿಂಬೆಯ ಎರಡು ಹಣ್ಣು. ರುಚಿ ನೋಡಿದೆ, ಸಪ್ಪೆ. ಉಪ್ಪು ಹಾಕಿದೆ. ಮತ್ತೆ ನೋಡಿದೆ, ಮತ್ತೆ ಸಪ್ಪೆ. ಕಲಬೆರಕೆ ಉಪ್ಪಿನ ಜೊತೆ ಗುದ್ದಾಡಿ ಕಡೆಗೂ ಒಂದು ಹದಕ್ಕೆ ತಂದೆ.

ಮೊದಲ ಚಮಚಕ್ಕೇ ಬೂಶ್ತಾರ ಕಣ್ಣಲ್ಲಿ ನೀರು. ಭಾವುಕರಾದರು.

"ಹೇಗಿದೆ, ಸಿ ಬೂಶ್ತಾ?" ಎಂದೆ. ಕೋಪವಿದ್ದಾಗ ಮಾತ್ರ ನಾನು ಅವರನ್ನು ಶ್ರೀಮಾನ್ ಎನ್ನುವ ಹಾಗೆ "ಸಿ" ಹಚ್ಚಿ ಕರೆಯುವುದು.

ಬಾಯಿ ತೆರೆದರು. ಮುಚ್ಚಿದರು. "ನಿನ್ನ ಕೈ... ನಿನ್ನ ಕೈಯೇ, ಯಾಮ್ನಾ" ಎಂದರು. ಮೂರು ಚಮಚ ತಿಂದರು. ಮಾಂಸ ಮತ್ತೆ ನನ್ನ ಕಡೆಗೆ.

ಅಡುಗೆಯ ಬಗ್ಗೆ ಅವರು ಮನಬಿಚ್ಚಿ ಮಾತಾಡಿದ್ದು ಒಂದೇ ಸಲ. ಮದುವೆಯಾದ ನಾಲ್ಕನೇ ವರ್ಷ, "ಉಪ್ಪು ಒಂದು ಚೂರು ಕಮ್ಮಿ" ಎಂದಿದ್ದರು. ನಾನು ಹನ್ನೊಂದು ದಿನ ಮಾತು ಬಿಟ್ಟೆ. ಆಮೇಲಿಂದ ಅವರು ಬಹಳ ಸುಧಾರಿಸಿದ್ದಾರೆ.

ಎಲುಬು ಹಾಕಿದರೆ ಬೆಕ್ಕು ಒಂದು ಸಲ ನೆಕ್ಕಿ, ನೀರಿನ ಬಟ್ಟಲಿಗೆ ಓಡಿತು. ಅದಕ್ಕೂ ಈಗ ಅಹಂಕಾರ.

ಫೆಬ್ರವರಿ ೬, ಗುರುವಾರ

ಶತ್ರುವಿನ ಕೋಟೆಯೊಳಗೆ ಹೋಗಿಬಂದೆ.

ಬೂಶ್ತಾ ಆವಿಗೆಗೆ ಹೋದಮೇಲೆ, ಮೂರೂವರೆಗೆ, ಅದೇ ಕಿಟಕಿಯ ಮೇಜಿನಲ್ಲಿ ಕುಳಿತೆ. ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು. "ಎಲ್ಲರೂ ಏನು ತಿಂತಾರೋ ಅದನ್ನೇ ಕೊಡಿ" ಎಂದೆ, ಮುಖ ಬಿಗಿದುಕೊಂಡು.

ಮಹ್ಜೂಬಾ ತಾಜೀನು ತಂದಿಟ್ಟು ಮುಚ್ಚಳ ತೆಗೆದಳು. ಕೆಂಪಗೆ ಕುದಿಯುತ್ತಿತ್ತು. ತುತ್ತು ಬಾಯಿಗಿಟ್ಟೆ.

ಏನೂ ಇಲ್ಲ! ಉಪ್ಪಿಲ್ಲ, ಹುಳಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಬಿಸಿ ಹತ್ತಿ ಜಗಿದ ಹಾಗೆ. ಗೆದ್ದೆ ಅನ್ನಿಸಿತು. ಮರುಕ್ಷಣವೇ ಸೋತೆ ಅನ್ನಿಸಿತು: ಊಟ ಇಷ್ಟು ಸಪ್ಪೆಯಾದರೆ, ನನ್ನ ಗಂಡ ಬರುವುದು ಊಟಕ್ಕಲ್ಲ.

"ಉಪ್ಪು ಕೊಡಿ."

ಕೊಟ್ಟಳು. ಹಾಕಿಕೊಂಡೆ. ಮತ್ತೆ ಹಾಕಿಕೊಂಡೆ. ಮೂರನೇ ಸಲಕ್ಕೆ ಅವಳ ನಗು ನಿಂತಿತು. ಎದುರಿನ ಕುರ್ಚಿಯಲ್ಲಿ ಕುಳಿತಳು.

"ಲಲ್ಲಾ, ಈಚೆಗೆ ನಿಮಗೆ ಜೋರು ನೆಗಡಿ ಏನಾದ್ರೂ ಆಗಿತ್ತಾ?"

"ನಿಮ್ಮ ಅಡುಗೆಗೂ ನನ್ನ ಮೂಗಿಗೂ ಏನಮ್ಮ ಸಂಬಂಧ?"

"ಸುಮ್ನೆ ಕೇಳ್ದೆ" ಎಂದಳು. ಕೇಳದೆಯೇ ಪುದೀನ ಚಹಾ ತಂದಿಟ್ಟಳು. ಎಷ್ಟು ಎತ್ತರದಿಂದ ಸುರಿದಳೆಂದರೆ ನೊರೆ ಲೋಟದ ತುಂಬ. ಬರೀ ಬಿಸಿನೀರು, ಆದರೂ ಕುಡಿದೆ. ಎದ್ದಾಗ ನಾಲ್ಕೂಮುಕ್ಕಾಲು.

ನನ್ನ ಮುಂದೆ ಇನ್ನೊಬ್ಬರು ಬಿಸಿ ಊಟ ತಂದಿಟ್ಟದ್ದು ಎಷ್ಟು ವರ್ಷದ ಮೇಲೆ ಎಂದು ದಾರಿಯಲ್ಲಿ ಯೋಚಿಸಿದೆ. ಬಾಣಂತನದಲ್ಲಿ ಅಮ್ಮ. ಆಮೇಲೆ ನೆನಪಾಗಲಿಲ್ಲ. ಇದು ತನಿಖೆಗೆ ಸಂಬಂಧಿಸಿದ್ದಲ್ಲ, ಸುಮ್ಮನೆ ಬರೆದೆ.

ಫೆಬ್ರವರಿ ೧೧, ಮಂಗಳವಾರ

ಇನ್ನೊಮ್ಮೆ ಹೋದೆ. ತನಿಖೆ.

ಫೆಬ್ರವರಿ ೧೩, ಗುರುವಾರ

ತನಿಖೆ ಮುಂದುವರಿದಿದೆ. ಕಿಟಕಿಯ ಮೇಜು ನನಗಾಗಿ ಖಾಲಿ ಇಟ್ಟಿದ್ದಳು. ಬೇರೆ ಯಾರೋ ಕೂರಲು ಬಂದರೆ ಅವರನ್ನು ಎಬ್ಬಿಸಿದಳು. ಅಪರಾಧಿಗಳು ಹೀಗೆಯೇ ಅಧಿಕಾರಿಗಳನ್ನು ಒಲಿಸಿಕೊಳ್ಳುತ್ತಾರೆ.

ಫೆಬ್ರವರಿ ೨೫, ಮಂಗಳವಾರ

ಎಲ್ಲ ಮುಗಿಯಿತು.

ಗುಂಡಿ ಅಂಗಡಿಗೆ ಹೋಗಿದ್ದೆ. ಎರಡು ಗಂಟೆ. ಆಚೆಗೆ ಬೂಶ್ತಾ ಮತ್ತು ಮಹ್ಜೂಬಾ, ತಲೆಗೆ ತಲೆ ತಾಗುವಷ್ಟು ಹತ್ತಿರ. ಊರಿನ ಗದ್ದಲದಲ್ಲಿ ಒಂದೇ ತಂತಿಯ ಮಾತು ಹೆಕ್ಕಿ ಕೇಳಿದ ಕಿವಿ ನನ್ನದು. ಒಂದಕ್ಷರ ತಪ್ಪಿಲ್ಲ.

ಅವರು: "ಹೆಂಗೆ ಹೇಳ್ಲಿ ಮಹ್ಜೂಬಾ? ಅವಳು ತಡ್ಕೊಳಲ್ಲ."

ಅವಳು: "ಎಷ್ಟು ದಿನ ಮುಚ್ಚಿಡ್ತೀರಿ? ರಮ್ಜಾನ್ ಬರೋಕೆ ಮುಂಚೆ ಹೇಳ್ಬಿಡಿ. ನಾನು ಬೇಕಾದ್ರೆ ಜೊತೇಲಿ ಬರ್ತೀನಿ."

ಅವರು: "ಬೇಡ ಬೇಡ. ನಾನೇ ಹೇಳ್ಬೇಕು. ಮೂವತ್ತೆರಡು ವರ್ಷ ಅಲ್ವಾ..."

ಇನ್ನೊಂದು ಮದುವೆಗೆ ನ್ಯಾಯಾಧೀಶರ ಅನುಮತಿ ಬೇಕು. ನ್ಯಾಯಾಧೀಶರು ಮೊದಲ ಹೆಂಡತಿಯನ್ನು ಕರೆಸಿ ಕೇಳಲೇಬೇಕು. ಹೋಗುತ್ತೇನೆ. ಏನು ಉಟ್ಟುಕೊಳ್ಳಬೇಕು ಎಂದೂ ನಿರ್ಧರಿಸಿದ್ದೇನೆ: ಹಸಿರು ಕಫ್ತಾನ್.

ಕಫ್ತಾನಿಗೆ ಗುಂಡಿ ಹೊಲಿಯಬೇಕು. ಗುಂಡಿಗೆ ಬರವಿಲ್ಲ, ಈಗ ಮೂವತ್ತಾರು ಇವೆ.

ಫೆಬ್ರವರಿ ೨೬, ಬುಧವಾರ

ಅವರು ಹೇಳಲಿಲ್ಲ. "ಯಾಮ್ನಾ" ಎಂದರು. "ಏನು?" ಎಂದೆ. "ಏನಿಲ್ಲ, ಗಾಳಿ ಜೋರಾಗಿದೆ" ಎಂದರು.

ಮಾರ್ಚ್ ೨, ಭಾನುವಾರ

ರಮ್ಜಾನಿನ ಮೊದಲ ದಿನ. ಹಗಲು ಊಟದ ಅಂಗಡಿಗಳೆಲ್ಲ ಮುಚ್ಚಿವೆ. ಅವಳದೂ ಕೂಡ. ಸೃಷ್ಟಿಕರ್ತ ನನ್ನ ಕಡೆಗಿದ್ದಾನೆ.

ಹರೀರಾ ಸಾರು ಮಾಡಿದೆ. ಟೊಮೇಟೊ, ಕಡಲೆ, ಮಸೂರ ಬೇಳೆ, ಕೊತ್ತಂಬರಿ, ಎಲುಬು. ಉಪವಾಸದಲ್ಲಿ ರುಚಿ ನೋಡುವ ಹಾಗಿಲ್ಲ. ನಾಲಿಗೆಯ ತುದಿಗೆ ತಾಗಿಸಿ ಉಗುಳಬಹುದು ಎಂದು ಖದ್ದೂಜ ವಾದಿಸುತ್ತಾಳೆ. ನಮ್ಮ ಅಮ್ಮನ ಮನೆಯಲ್ಲಿ ಅಂಥ ಸಡಿಲವೆಲ್ಲ ಇರಲಿಲ್ಲ. ಈ ತಿಂಗಳಿಡೀ ನಾವು ಕುರುಡು ಕೈಯಲ್ಲಿ ಅಡುಗೆ ಮಾಡುವವರು. ನಾನೂ ಸುಮ್ಮನೆ ಕೈ ಹಾಕಿದೆ, ಕೈಗೆ ಬಂದಷ್ಟು ಉಪ್ಪು ತೆಗೆದು ಹಾಕಿದೆ, ಮುಚ್ಚಿದೆ.

ಸಂಜೆ ಬಾಂಗ್ ಕೂಗಿತು. ಬೂಶ್ತಾ ಖರ್ಜೂರ ತಿಂದು, ಬೋಗುಣಿಯನ್ನು ಹೆದರುತ್ತಲೇ ಬಾಯಿಗಿಟ್ಟರು. ನಿಲ್ಲಿಸಿದರು. ನನ್ನನ್ನು ನೋಡಿದರು. ಬೋಗುಣಿಯನ್ನು ನೋಡಿದರು. ಆಮೇಲೆ ತಲೆ ಎತ್ತಲಿಲ್ಲ. ಮೂರು ಬೋಗುಣಿ!

"ಯಾಮ್ನಾ, ಇದು ನಿನ್ನ ಹರೀರಾ ಕಣೇ" ಎಂದರು. 

"ಮತ್ತೆ ಇನ್ಯಾರದ್ದು, ಸಿ ಬೂಶ್ತಾ?"

ನನ್ನ ಬೋಗುಣಿ ಸಪ್ಪೆಯಾಗಿತ್ತು. ಉಪ್ಪಿನ ಡಬ್ಬಿಗೆ ಕೈ ಚಾಚಿದೆ. ಅವರು ತಮ್ಮ ದೊಡ್ಡ ಮಣ್ಣಿನ ಕೈಯನ್ನು ಡಬ್ಬಿಯ ಮೇಲಿಟ್ಟರು. "ಬೇಡ. ಇವತ್ತು ಬೇಡ."

ಸೋತ ಮಹ್ಜೂಬಾಳ ಬಗ್ಗೆ ಸ್ವಲ್ಪ ಕನಿಕರವೂ ಬಂತು. ಸ್ವಲ್ಪ.

ಮಾರ್ಚ್ ೭, ಶುಕ್ರವಾರ

ಐದು ದಿನವೂ ಹರೀರಾ ಪಾತ್ರೆ ಖಾಲಿ. ಇಂದು ಸಂಜೆ ಮಸೀದಿಗೆ ಕಳಿಸಿದ ಕುಸ್ಕುಸ್ ಬೋಗುಣಿ ತೊಳೆದ ಹಾಗೆ ವಾಪಸು ಬಂತು. ಖದ್ದೂಜ ಹರೀರಾ ಕೇಳಿಕೊಂಡು ಬಂದಳು, ಎರಡು ಸಲ. ಭಕ್ತಿ ಮರಳಿದೆ.

ಆದರೆ ಒಂದು ಅರ್ಥವಾಗುತ್ತಿಲ್ಲ. ಬೆಳಗಿನ ಜಾವದ ಊಟಕ್ಕೆ ಬೇಳೆಯನ್ನು ಉಪವಾಸ ಬಿಟ್ಟಮೇಲೆ ಮಾಡುತ್ತೇನೆ, ರುಚಿ ನೋಡಿ, ಸರಿಮಾಡಿ, ಚೆನ್ನಾಗಿ. ಅದು ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೆ ಮಾತ್ರ ಐದು ಲೋಟ ನೀರು.

ಮಾರ್ಚ್ ೮, ಶನಿವಾರ

ಎಕ್ಸ್‌ಚೇಂಜಿಗೆ ದೂರು ಬಂದಾಗ ನಾವು ಮೊದಲು ಗಿರಾಕಿಯ ಫೋನು ಕೆಟ್ಟಿದೆ ಎನ್ನುತ್ತಿದ್ದೆವು. ಅಲ್ಲದಿದ್ದರೆ ತಂತಿ. ಅದೂ ಅಲ್ಲದಿದ್ದರೆ ಗಾಳಿ, ಹದ್ದು, ಆಚೆ ಊರಿನವರು. ನಮ್ಮ ಸ್ವಿಚ್‌ಬೋರ್ಡೇ ಕೆಟ್ಟಿದೆಯೋ ಎಂದು ಕಟ್ಟಕಡೆಗೆ ನೋಡುತ್ತಿದ್ದೆವು.

ಹಗಲು ಮಾಡಿದ ಅಡುಗೆಯ ಪಾತ್ರೆ ಖಾಲಿ, ರಾತ್ರಿ ಮಾಡಿದ್ದರ ಪಾತ್ರೆ ಭರ್ತಿ. ಅದೇ ಒಲೆ, ಅದೇ ಕೈ, ಅದೇ ಕಲಬೆರಕೆ ಉಪ್ಪು. ನಡುವೆ ಇರುವ ವ್ಯತ್ಯಾಸ ನನ್ನ ನಾಲಿಗೆ ಒಂದೇ.

ಗೂಡಿನಿಂದ ಡಬ್ಬಿಗಳನ್ನೆಲ್ಲ ಇಳಿಸಿದೆ. ಮೂಸಿದರೆ ಉಪವಾಸ ಮುರಿಯುವುದಿಲ್ಲ. ಜೀರಿಗೆ. ದಾಲ್ಚಿನ್ನಿ. ಒಣಶುಂಠಿ. ಕಣ್ಣು ಮುಚ್ಚಿ ಮೂಸಿದೆ. ಎಲ್ಲ ಒಂದೇ: ಡಬ್ಬಿ. ಮದುವೆಯಲ್ಲಿ ಅಮ್ಮ ಕೊಟ್ಟ ಕಿತ್ತಳೆ ಹೂವಿನ ನೀರಿನ ಶೀಶೆಯ ಬಿರಡೆ ತೆಗೆದೆ. ಅಂಗೈಗೆ ಸುರಿದುಕೊಂಡೆ. ಒದ್ದೆ, ಅಷ್ಟೆ.

ಬೂಶ್ತಾರ ಜೆಲ್ಲಾಬಾ ಮತ್ತೆ ಮೂಸಿದೆ. ಏನೂ ಇಲ್ಲ. ಪಾಪ, ಹೊಗೆಯ ವಾಸನೆ ಇದ್ದೇ ಇರುತ್ತದೆ.

ಇಂದು ಇಷ್ಟೇ.

ಮಾರ್ಚ್ ೧೧, ಮಂಗಳವಾರ

ಮಹ್ಜೂಬಾ ಸಂಜೆಗೆ ಕಡಲೆ ಆರಿಸುತ್ತ ಕುಳಿತಿದ್ದಳು. ನನ್ನನ್ನು ಕಂಡು ಕುರ್ಚಿ ಎಳೆದಳು. ಕಿಟಕಿಯ ಪಕ್ಕದ್ದೇ.

"ಬನ್ನಿ ಲಲ್ಲಾ ಯಾಮ್ನಾ. ಅಂಗಡಿ ಮುಚ್ಚಿದೆ, ಬಾಗಿಲು ತೆಗೆದೇ ಇದೆ."

"ನನ್ನ ಹೆಸರು ನಿಮಗೆ ಯಾವಾಗಿಂದ ಗೊತ್ತು?"

"ಮೊದಲ ದಿನಾನೇ. ನನ್ನ ಮೀನಿಗೆ ಮೂರು ಸಲ ಉಪ್ಪು ಹಾಕ್ಕೊಂಡು ಸಪ್ಪೆ ಅನ್ನೋ ಹೆಂಗಸು ಆಸ್ಫೀಲಿ ಇನ್ಯಾರಿದ್ದಾರೆ?"

"ಅವತ್ತೇ ಹೇಳ್ಬಹುದಿತ್ತಲ್ಲ!"

"ಅವರು ಹೇಳ್ಬೇಕಿತ್ತು. ದಿನಾ ಇಲ್ಲಿ ಬಂದು ಅಭ್ಯಾಸ ಮಾಡೋರು. ‘ಯಾಮ್ನಾ, ಕೋಪ ಮಾಡ್ಕೋಬೇಡ’ ಅಂತ ಶುರು ಮಾಡೋರು, ಅಲ್ಲೇ ನಿಲ್ಲಿಸಿ ಬ್ರೆಡ್ ಕೇಳೋರು. ಹನ್ನೊಂದು ದಿನದ ಕಥೆ ನನಗೆ ನಲವತ್ತು ಸಲ ಹೇಳಿದ್ದಾರೆ."

"ಮತ್ತೆ ಆ ಹನ್ನೆರಡು ತಾಜೀನು?"

"ಊಟಕ್ಕೆ ಬದಲು ಮಾಡ್ಕೊಟ್ಟಿದ್ದು. ಬಿಟ್ಟಿ ತಿನ್ನಲ್ಲ ಅಂದ್ರು."

ಹನ್ನೆರಡನ್ನೂ ಇನ್ನೊಮ್ಮೆ ನೋಡಿದೆ. ಹೊಟ್ಟೆ ಉರಿಯಿತು. ಕಾರಣ ಗೊತ್ತಾದ ಮಾತ್ರಕ್ಕೆ ಉರಿ ಆರಬೇಕೆಂದಿಲ್ಲ.

"ಮನೇಲಿ ತಿನ್ನದೇ ನೇರ ಇಲ್ಲಿಗೇ ಬರಬಹುದಿತ್ತು" ಎಂದೆ.

"ನಾನೂ ಅದನ್ನೇ ಕೇಳ್ದೆ. ‘ಅವಳು ಎದುರಿಗೆ ನೋಡ್ತಾ ಕೂತಿರ್ತಾಳೆ, ತಿನ್ನದೇ ಹೆಂಗಿರ್ಲಿ’ ಅಂದ್ರು." ಮಹ್ಜೂಬಾ ಒಂದು ಕಲ್ಲು ಹೆಕ್ಕಿ ಬಿಸಾಡಿದಳು. "ನನ್ನ ಗಂಡ ಇದ್ದಾಗ ಒಂದು ಚಿಟಿಕೆ ಜಾಸ್ತಿಯಾದ್ರೆ ತಟ್ಟೆ ಗೋಡೆಗೆ ಹೋಗೋದು. ನಿಮ್ಮೆಜಮಾನ್ರು ಎರಡು ತಿಂಗಳು ಸಮುದ್ರ ಕುಡಿದಿದ್ದಾರೆ. ನಿಜ ಹೇಳ್ಲಾ ಲಲ್ಲಾ? ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು."

ನಾನು ಜನವರಿಯಿಂದ ಸಾಕಿ ಬೆಳೆಸಿದ ಹೊಟ್ಟೆಕಿಚ್ಚನ್ನು ಈ ಹೆಂಗಸು ಒಂದೇ ಮಾತಿಗೆ ನನ್ನ ಮಡಿಲಿನಿಂದ ಕಿತ್ತುಕೊಂಡು ತಾನಿಟ್ಟುಕೊಂಡಳು.  ಕಡಲೆ ಆರಿಸತೊಡಗಿದೆ. ಅವಳು ಆರಿಸಿದ್ದರಲ್ಲಿ ಮೂರು ಕಲ್ಲು ಸಿಕ್ಕವು. ತೋರಿಸಿದೆ.

ಮಾರ್ಚ್ ೨೦, ಗುರುವಾರ

ಮೂಗಿನ ಡಾಕ್ಟರು: ನೆಗಡಿಯ ಮೇಲೆ ಕೆಲವರಿಗೆ ಹೀಗಾಗುತ್ತದೆ. ಮರಳಿ ಬರಬಹುದು, ಬಾರದೆಯೂ ಇರಬಹುದು. ದಿನಾ ಡಬ್ಬಿ ಮೂಸಿ ಎಂದರು. ಬೂಶ್ತಾಗೆ ಮಗಳ ಜೊತೆ ಫೋನಿನಲ್ಲಿ ಮಾತಾಡಲು ಹೋಗಿದ್ದೆ ಎಂದೆ. ಟೆಲಿಫೋನಿನವಳು ಫೋನು ಮಾಡಲು ಹೊರಗೆ ಹೋಗುವುದು ಅವರಿಗೆ ವಿಚಿತ್ರ ಅನ್ನಿಸಲಿಲ್ಲ. ಸುಳ್ಳನ್ನು ಸುಲಭವಾಗಿ ನಂಬುವ ಮನುಷ್ಯ. ಇಂಥವರ ಮೇಲೆ ಎಂಟು ವಾರ ತನಿಖೆ ನಡೆಸಿದೆನಲ್ಲ!

ಕಿರಾಣಿ ಅಂಗಡಿಯವನ ಮುಂದೆ ಹಾದುಹೋಗುವಾಗ ಸಲಾಂ ಹೇಳಿದೆ. ಅವನು ಹೆದರಿ ಒಳಗೆ ಹೋದ.

ಮಾರ್ಚ್ ೩೧, ಸೋಮವಾರ

ಹಬ್ಬ. ಊರಿನ ಉಪವಾಸ ಮುಗಿಯಿತು. ನನ್ನ ನಾಲಿಗೆಯದು ಮುಗಿಯಲಿಲ್ಲ. ಅಡುಗೆಮನೆಯಲ್ಲಿ ಇನ್ನು ಅದಕ್ಕೆ ಕೆಲಸವಿಲ್ಲ, ಮಾತಿಗೆ ಮಾತ್ರ.

ಖದ್ದೂಜ ಬಂದು, "ಮಹ್ಜೂಬಾನ ಅಂಗಡೀಲಿ ನಿನ್ನನ್ನೂ ಕಂಡೆ ಅಂತ ಯಾರೋ ಅಂದ್ರು" ಎಂದಳು. "ನಾನು ಹೋಗ್ತೀನಿ ಅಂತ ಯಾರಿಗೂ ಹೇಳ್ಬೇಡ" ಎಂದೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಏಪ್ರಿಲ್ ೪, ಶುಕ್ರವಾರ

ಮೂರು ಸಲ ಹಬೆಗಿಟ್ಟೆ. ಕೈಗೆ ಬಂದಷ್ಟು ಉಪ್ಪು, ಒಂದೇ ಸಲ. ಚಮಚ ಬಾಯಿಯ ಹತ್ತಿರ ತಾನಾಗಿ ಬಂತು. ಅದನ್ನು ತೊಳೆದಿಟ್ಟೆ.

ಬೂಶ್ತಾ ನಮಾಜು ಮುಗಿಸಿ ಬಂದು ತಮ್ಮ ಕಡೆಗೆ ಕುಳಿತರು. ರಮ್ಜಾನ್ ಹೋಯಿತು, ಇನ್ನು ಮತ್ತೆ ಅದೇ ಎನ್ನುವ ಮುಖ. ಪಕ್ಕದಲ್ಲಿ ನೀರಿನ ಹೂಜಿಯನ್ನೂ ಇಟ್ಟುಕೊಂಡಿದ್ದರು. ಮೊದಲ ತುತ್ತು. ಎರಡನೆಯದು. ಹೂಜಿಯ ಕಡೆಗೆ ಹೋದ ಕೈ ದಾರಿಯಲ್ಲೇ ನಿಂತಿತು.

ಆಗ ಕೇಳಿದೆ. ಮೂವತ್ತೆರಡು ವರ್ಷದಲ್ಲಿ ಕೇಳದ ಮಾತು.

"ಬೂಶ್ತಾ, ಉಪ್ಪು ಹೇಗಿದೆ ಹೇಳಿ. ನನಗೆ ಗೊತ್ತಾಗ್ತಿಲ್ಲ."

ಕೊನೆಯ ಮಾತನ್ನು ನಾನು ಜೋರಾಗಿಯೇ ಹೇಳಿದೆ. ಅವರು ನನ್ನ ಮುಖ ನೋಡಿದರು.  ಇನ್ನೊಂದು ತುತ್ತು ತೆಗೆದುಕೊಂಡು, ಆವಿಗೆಯಿಂದ ಆಗ ತಾನೇ ತೆಗೆದ ಪಾತ್ರೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತಾರಲ್ಲ, ಹಾಗೆ ಬಾಯೊಳಗೆ ಇಟ್ಟುಕೊಂಡು ಕೇಳಿದರು.

"ಒಂದು ಚೂರು ಕಮ್ಮಿ" ಎಂದರು.

ನಿಯಮದ ಪ್ರಕಾರ ಹನ್ನೊಂದು ದಿನ ಮಾತು ಬಿಡಬೇಕಿತ್ತು. ಉಪ್ಪಿನ ಡಬ್ಬಿಯನ್ನು ಅವರ ಕಡೆಗೆ ತಳ್ಳಿದೆ.